ಐದಕ್ಕೆ ಐದು

ತೆಯೋಫಿಲಾಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ, ಪಾಪ, ಅವಳಿಗೆ ತಿಳಿಯದೆ ಆಗಿಹೋಯಿತು ಎನ್ನಬಾರದು. ತನ್ನೂರು ಲಾ ನೊರಿಯಾದ ನೀರು ಕೆಟ್ಟಿದೆಯೆಂದು ಗೊತ್ತಿತ್ತು. ಆ ಪುಟ ಬರೆದವಳು ಯಾರೆಂದು ಗೊತ್ತಿತ್ತು. ಅದರ ಒಂದೊಂದು ಮಾತೂ ನಿಜವೆಂದು ಗೊತ್ತಿತ್ತು. ಗೊತ್ತಿದ್ದೂ ಅವಳು ‘ತೀರಾ ಕೀಳು’ ಎಂಬ ಗುಂಡಿ ಒತ್ತಿದಳು.

ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ಅವಳು ತೋಟದಲ್ಲಿ ದುಡಿದಿದ್ದಳು. ಲಾ ನೊರಿಯಾ ಇರುವುದೇ ತೋಟಗಳ ನಡುವೆ. ಮೂರು ಕಡೆ ಕಿತ್ತಳೆ, ಒಂದು ಕಡೆ ದ್ರಾಕ್ಷಿ, ನಡುವೆ ಎಂಬತ್ತು ಮನೆ. ಅರ್ಧಕ್ಕರ್ಧ ತಗಡಿನ ಟ್ರೇಲರ್ ಮನೆಗಳು, ಚಕ್ರ ಮಣ್ಣಿನಲ್ಲಿ ಹೂತುಹೋಗಿವೆ. ಕಿತ್ತಳೆ ಕೀಳುವವರು ಹೆಗಲಿಗೆ ಚೀಲ ಹಾಕಿಕೊಂಡು ಏಣಿ ಹತ್ತುತ್ತಾರೆ. ಚೀಲ ತುಂಬಿದರೆ ನಲವತ್ತು ಕಿಲೋ. ಅದನ್ನು ಹೊತ್ತುಕೊಂಡೇ ಇಳಿಯಬೇಕು. ಇಳಿಯುವಾಗ ಕಾಲು ಕಾಣುವುದಿಲ್ಲ. ತೆಯೋಫಿಲಾ ಗಿಡ್ಡ ಹೆಂಗಸು, ಗಡಿಯಾಚೆಯಿಂದ ಕೂಲಿಗೆ ಬಂದ ವಹಾಕಾದ ಬೆಟ್ಟದ ಕಡೆಯವರೆಲ್ಲ ಹಾಗೆಯೇ. ಮೇಸ್ತ್ರಿ ಅವಳ ಹೆಸರು ಹಿಡಿದು ಕರೆದದ್ದೇ ಇಲ್ಲ. ಏ ಗಿಡ್ಡಿ, ಮೇಲಿನ ಕೊಂಬೇಲಿರೋದನ್ನ ನಿಮ್ಮಪ್ಪ ಬಂದು ಕೀಳ್ತಾನಾ ಎನ್ನುತ್ತಿದ್ದ. ಮೇಲಿನ ಕೊಂಬೆಗೆ ಕೈಚಾಚಿದ ದಿನ ಏಣಿ ಜಾರಿತು. ಅವಳು ಬಿದ್ದಳು, ಚೀಲ ಅವಳ ಮೇಲೆ ಬಿತ್ತು. ಬೆನ್ನುಮೂಳೆಯ ಎರಡು ಬಿಲ್ಲೆ ಹಿಸುಕಿಹೋದವು.

ಆಸ್ಪತ್ರೆಯ ಬಾಗಿಲವರೆಗೆ ಮೇಸ್ತ್ರಿಯೇ ಕರೆದುಕೊಂಡು ಹೋದ. ಗಾಡಿಯಿಂದ ಇಳಿಸುವಾಗ ಕಿವಿಯ ಹತ್ತಿರ ಬಾಯಿ ತಂದು ಹೇಳಿದ:

“ಮನೇಲಿ ಬಿದ್ದೆ ಅಂತ ಹೇಳು. ಗಂಡನ ಕೆಲಸನೂ ನೆನಪಿರ್ಲಿ.”

ಅವಳು ಮನೆಯಲ್ಲಿ ಬಿದ್ದೆ ಎಂದೇ ಹೇಳಿದಳು. ಡಾಕ್ಟರು ನಂಬಲಿಲ್ಲ, ಆದರೂ ಹಾಗೆಯೇ ಬರೆದುಕೊಂಡರು.

ಏಳು ತಿಂಗಳು ಹಾಸಿಗೆ ಹಿಡಿದಿದ್ದಳು. ಎದ್ದು ಓಡಾಡುವ ಹೊತ್ತಿಗೆ ಫ್ರೆಸ್ನೋದಲ್ಲಿದ್ದ ಚಿಕ್ಕಪ್ಪನ ಮಗಳು ಇನೆಸ್ ಒಂದು ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟು ಹೊಸ ಕೆಲಸ ಹೇಳಿಕೊಟ್ಟಳು. ಮನೆಯಲ್ಲೇ ಕೂತು ಮಾಡುವ ಕೆಲಸ. ಜನ ಫೋನಿನಲ್ಲಿ ಏನೇನೋ ಹುಡುಕುತ್ತಾರಲ್ಲ, ಆ ಪ್ರಶ್ನೆ ಪರದೆಯ ಮೇಲೆ ಬರುತ್ತದೆ. ಅದರ ಕೆಳಗೆ ಸಿಕ್ಕ ಪುಟ ಬರುತ್ತದೆ. ಪುಟ ಎಷ್ಟು ಬೆಲೆಬಾಳುತ್ತದೆ ಎಂದು ಹೇಳಬೇಕು. ಐದು ಗುಂಡಿಗಳಿವೆ. ಎಲ್ಲಕ್ಕಿಂತ ಮೇಲಿನದು ‘ಅತ್ಯುತ್ತಮ’, ಎಲ್ಲಕ್ಕಿಂತ ಕೆಳಗಿನದು ‘ತೀರಾ ಕೀಳು’. ಯಾಕೆ ಎಂದು ಒಂದು ಸಾಲು ಬರೆಯಬೇಕು. ಹೀಗೆ ಸಾವಿರಾರು ಜನ ಒತ್ತಿದ್ದನ್ನೆಲ್ಲ ಕಂಪನಿ ಯಂತ್ರಕ್ಕೆ ತಿನ್ನಿಸುತ್ತದೆ. ಯಾವುದನ್ನು ಜನರ ಕಣ್ಣಮುಂದೆ ಇಡಬೇಕು, ಯಾವುದನ್ನು ತಳಕ್ಕೆ ತಳ್ಳಬೇಕು ಎಂದು ಯಂತ್ರ ಕಲಿಯುವುದು ಹೀಗೆ. ಕಂಪನಿಯ ಹೆಸರನ್ನು ತೆಯೋಫಿಲಾ ಯಾರಿಗೂ ಹೇಳುವಂತಿರಲಿಲ್ಲ. ಏನು ಕೆಲಸವೆಂದೂ ಹೇಳುವಂತಿರಲಿಲ್ಲ. ಹಾಗೆಂದು ಸಹಿ ಹಾಕಿಸಿಕೊಂಡಿದ್ದರು. ಕೇಳಿದವರಿಗೆ ಕಂಪ್ಯೂಟರಿನಲ್ಲಿ ಬರೆಯುವ ಕೆಲಸ ಎನ್ನುತ್ತಿದ್ದಳು.

ಮೊದಲ ವಾರ ಅವಳು ಪ್ರಾಮಾಣಿಕವಾಗಿ ಮಾಡಿದಳು. ಒಂದೊಂದು ಪುಟವನ್ನೂ ಕೊನೆಯವರೆಗೆ ಓದಿ ತನಗೆ ಕಂಡದ್ದನ್ನು ಹೇಳಿದಳು. ವಾರದ ಕೊನೆಗೆ ಅವಳ ಅಂಕ ನೂರಕ್ಕೆ ಅರವತ್ತೊಂದಕ್ಕೆ ಇಳಿದಿತ್ತು. ಹೆದರಿ ಇನೆಸ್‌ಗೆ ಫೋನ್ ಮಾಡಿದಳು.

“ನೀನು ಓದ್ತಾ ಕೂತಿದೀಯಾ?” ಇನೆಸ್ ನಕ್ಕಳು. “ಲೇ, ಒಂದು ಪುಟಾನ ಐದು ಜನಕ್ಕೆ ಕೊಟ್ಟಿರ್ತಾರೆ. ನಾಲ್ಕು ಜನ ಒತ್ತಿದ್ದೇ ನೀನೂ ಒತ್ತಿದ್ರೆ ಅಂಕ. ಬೇರೆ ಒತ್ತಿದ್ರೆ ಕಡಿತ. ಮೊದಲ ತಿಂಗಳು ಬಿಡ್ತಾರೆ, ಆಮೇಲೆ ಎಂಬತ್ತೈದರ ಕೆಳಗೆ ಬಂದ್ರೆ ಬಾಗಿಲು ಬಂದ್. ಪುಟ ಹೇಗಿದೆ ಅಂತ ಯಾರು ಕೇಳಿದ್ರು ನಿನ್ನ? ಬಾಕಿ ನಾಲ್ಕು ಜನ ಏನು ಒತ್ತಬಹುದು ಅಂತ ಯೋಚ್ನೆ ಮಾಡು. ಅಷ್ಟೇ ಕೆಲಸ.”

ಆ ನಾಲ್ವರನ್ನು ತೆಯೋಫಿಲಾ ಮನಸ್ಸಿನಲ್ಲೇ ಕಟ್ಟಿಕೊಂಡಳು. ದೊಡ್ಡ ಊರಿನವರು. ಗಾಜಿನ ಕಟ್ಟಡದಲ್ಲಿ ಕೂತವರು, ಕಾಲೇಜು ಓದಿದವರು, ಕೈಯಲ್ಲಿ ಕಾಫಿ ಲೋಟ. ಆ ನಾಲ್ವರು ಏನು ಒತ್ತುತ್ತಾರೆ ಎಂದು ಅಂದಾಜು ಮಾಡುವುದರಲ್ಲಿ ಅವಳದು ಎತ್ತಿದ ಕೈಯಾಯಿತು. ಸರ್ಕಾರದ ಮುದ್ರೆ ಇದ್ದರೆ ಮೇಲಿನ ಗುಂಡಿ. ಡಾಕ್ಟರು, ವಕೀಲರು ಬರೆದದ್ದಾದರೆ ಮೇಲಿನ ಗುಂಡಿ. ಆರೋಗ್ಯದ ವಿಷಯದಲ್ಲಿ ಓದಿಲ್ಲದವರು ಬಾಯಿ ಹಾಕಿದ್ದರೆ ತೀರಾ ಕೀಳು. ಮೂರು ವರ್ಷ ಹೀಗೆ ಒತ್ತಿದಳು. ಗಂಡ ಕ್ರಿಸಾಂತೊ ಒಬ್ಬನ ಕೂಲಿಯಲ್ಲಿ ಆಗದಿದ್ದದ್ದು ಆಗತೊಡಗಿತು. ಮಗಳು ಸ್ಕೂಲು ಮುಗಿಸಿದಳು. ಬೆನ್ನಿಗೆ ಮದ್ದು ಬಂತು. ಕುಡಿಯಲು ನೀಲಿ ಕ್ಯಾನಿನ ನೀರು ಬಂತು.

ನಲ್ಲಿಯ ನೀರನ್ನು ಲಾ ನೊರಿಯಾದಲ್ಲಿ ತಿಳಿದವರು ಯಾರೂ ಕುಡಿಯುತ್ತಿರಲಿಲ್ಲ. ಸುತ್ತಲಿನ ತೋಟಗಳಿಗೆ ಐವತ್ತು ವರ್ಷ ಸುರಿದ ಗೊಬ್ಬರ ಇಳಿದು ಇಳಿದು ಬಾವಿ ಸೇರಿತ್ತು. ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಕೆಟ್ಟಿಲ್ಲ. ದೊಡ್ಡವರು ಹೇಗೋ ಅರಗಿಸಿಕೊಳ್ಳುತ್ತಾರೆ. ಆದರೆ ಎಳೆಗೂಸಿಗೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಕೂಸಿನ ರಕ್ತ ಉಸಿರನ್ನು ಹಿಡಿದುಕೊಳ್ಳುವುದಿಲ್ಲ. ತುಟಿ ನೀಲಿಯಾಗುತ್ತದೆ. ಕುದಿಸಿದರೆ ಇನ್ನೂ ಕೇಡು. ನೀರು ಆವಿಯಾಗಿ ವಿಷ ಅಲ್ಲೇ ಗಟ್ಟಿಯಾಗುತ್ತದೆ.

ಇದನ್ನೆಲ್ಲ ಕಂಡುಹಿಡಿದು ಬರೆದಿಟ್ಟವಳು ಎಲ್ವಿರಾ, ಊರವರು ಗೌರವದಿಂದ ದೋನ್ಯಾ ಎಂದು ಕರೆಯುವವಳು. ತೆಯೋಫಿಲಾಳ ಮಗಳಿಗೆ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ನಿಂತವಳು. ಅಂದಿನಿಂದ ಅವರಿಬ್ಬರೂ ಪರಸ್ಪರ ಕೊಮಾದ್ರೆ. ಅಕ್ಕತಂಗಿಯರ ನಂಟಿಗಿಂತ ಒಂದು ಕೈ ಹೆಚ್ಚು ಅದು. ಜಗಳವಾಡಿ ಬಿಡುವಂಥದ್ದಲ್ಲ. ಎಲ್ವಿರಾ ಓದಿದ್ದು ಮೂರನೇ ಕ್ಲಾಸು. ಅರವತ್ತು ದಾಟಿದ ಮೇಲೆ ಮೊಮ್ಮಗಳಿಂದ ಫೋನಿನಲ್ಲಿ ಪುಟ ಮಾಡಲು ಕಲಿತಳು. ಮನೆಮನೆಗೆ ಹೋಗಿ ಯಾವ ಕೂಸಿಗೆ ಏನಾಯಿತು ಎಂದು ಕೇಳಿ ಬರೆದುಕೊಂಡಳು. ಬಾಟಲಿಯಲ್ಲಿ ನೀರು ಹಿಡಿದು ಮೂರು ಬಸ್ಸು ಬದಲಿಸಿ ಪರೀಕ್ಷೆ ಮಾಡಿಸಿದಳು. ಆ ಚೀಟಿಯ ಚಿತ್ರ ಹಾಕಿದಳು. ದಪ್ಪ ಅಕ್ಷರದಲ್ಲಿ ಬರೆದಳು: ಕೂಸಿಗೆ ಈ ನೀರು ಬೇಡ. ಕುದಿಸಬೇಡಿ. ಕುದಿಸಿದರೆ ಹೆಚ್ಚು ವಿಷ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ತೆಯೋಫಿಲಾಳ ಪರದೆಯ ಮೇಲೆ ಪ್ರಶ್ನೆ ಬಂತು. ‘ಲಾ ನೊರಿಯಾ ನೀರು ಮಗುವಿಗೆ ಕೊಡಬಹುದೇ?’ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಸ್ಥಳೀಯ ಪ್ರಶ್ನೆ’ ಎಂದಿತ್ತು. ಅದು ಆಗಾಗ ಇರುತ್ತಿತ್ತು, ಅವಳು ಅದನ್ನು ಗಮನಿಸುತ್ತಿರಲಿಲ್ಲ.

ಮೊದಲ ಪುಟ ನೀರು ಸರಬರಾಜು ಮಂಡಳಿಯದು. ಮುದ್ರೆ ಇತ್ತು, ನಗುವ ಮಗುವಿನ ಚಿತ್ರ ಇತ್ತು. ಈ ವಿಭಾಗದ ನೀರು ಸುರಕ್ಷತೆಯ ಮಿತಿಯೊಳಗಿದೆ, ಅನುಮಾನವಿದ್ದರೆ ಕುದಿಸಿ ಬಳಸಿ ಎಂದಿತ್ತು. ಆರು ವರ್ಷದ ಹಿಂದಿನ ಬರಹ, ಲಾ ನೊರಿಯಾದ ಬಾವಿಯನ್ನು ಅವರು ಪರೀಕ್ಷೆ ಮಾಡಿಯೇ ಇರಲಿಲ್ಲ. ಅವಳು ‘ಅತ್ಯುತ್ತಮ’ ಒತ್ತಿದಳು. ಎರಡನೆಯ ಪುಟ ತೆರೆದುಕೊಂಡಿತು. ಒಂದು ನಲ್ಲಿ, ಅದರ ಕೆಳಗೆ ಗಾಜಿನ ಲೋಟ, ಹಿಂದೆ ಹುಂಜದ ಚಿತ್ರವಿದ್ದ ಅಡಿಗೆಮನೆಯ ಬಟ್ಟೆ. ಆ ಬಟ್ಟೆಯನ್ನು ಎಲ್ವಿರಾಗೆ ಹಬ್ಬಕ್ಕೆ ಕೊಟ್ಟವಳು ತೆಯೋಫಿಲಾಳೇ.

ಅವಳು ಅಂಕ ನೋಡಿದಳು. ಎಂಬತ್ತಾರು. ಒಂದು ತಪ್ಪಿದರೆ ಎಂಬತ್ತೈದು, ಎರಡು ತಪ್ಪಿದರೆ ಬಾಗಿಲು ಬಂದ್. ಗಾಜಿನ ಕಟ್ಟಡದ ನಾಲ್ವರು ನೆನಪಾದರು. ಅವರಿಗೆ ಎಲ್ವಿರಾ ಯಾರು? ಯಾವ ಬೆಟ್ಟದ ಮುದುಕಿ? ಅವರು ಒತ್ತುವುದು ತಳದ ಗುಂಡಿಯೇ. ತಾನೊಬ್ಬಳು ಮೇಲಿನದು ಒತ್ತಿದರೆ ಪುಟವೇನೂ ಮೇಲೆ ಬರುವುದಿಲ್ಲ, ತನ್ನ ಅನ್ನಕ್ಕೆ ಕಲ್ಲು ಬೀಳುತ್ತದೆ ಅಷ್ಟೆ. ಅವಳು ತಳದ ಗುಂಡಿ ಒತ್ತಿದಳು. ಕಾರಣ ಕೇಳಿತು. ಪ್ರತಿಸಲ ಬರೆಯುವುದನ್ನೇ ಬರೆದಳು. ‘ಬರೆದವರು ಯಾರೆಂದು ತಿಳಿದಿಲ್ಲ. ಅರ್ಹತೆ ಇಲ್ಲ.’

ಸಂಜೆಯ ಹೊತ್ತಿಗೆ ಹಸಿರು ಗುರುತು ಬಂತು. ಐದಕ್ಕೆ ಐದು. ಅಂಕ ಎಂಬತ್ತೇಳು. ಅವಳಿಗೆ ಖುಷಿಯಾಯಿತು. ಆ ದಿನ ಹುರುಳಿಕಾಯಿಗೆ ಎರಡು ಮೆಣಸಿನಕಾಯಿ ಹೆಚ್ಚಿಗೆ ಹಾಕಿ ಬೇಯಿಸಿದಳು. ಇದನ್ನೂ ಹೇಳಬೇಕು.

ಮೇ ಮೊದಲ ವಾರದಲ್ಲಿ ಸಬಿನಾ ಎಂಬ ಹುಡುಗಿ ಬಂದು ಕಿತ್ತಳೆ ತೋಟದ ಅಂಚಿನ ಕೊನೆಯ ಟ್ರೇಲರಿನಲ್ಲಿ ಇಳಿದುಕೊಂಡಳು. ಹತ್ತೊಂಬತ್ತು ವರ್ಷ. ಗಂಡ ಗಡಿಯ ಆಚೆಯೇ ಸಿಕ್ಕಿಬಿದ್ದಿದ್ದ. ತೋಳಿನಲ್ಲಿ ಎರಡು ತಿಂಗಳ ಹೆಣ್ಣುಕೂಸು, ಹೆಸರು ಮರಿಬೆಲ್. ಅವಳೂ ಬೆಟ್ಟದ ಕಡೆಯವಳು, ಅಲ್ಲಿಯ ಮಾತು ಬಿಟ್ಟರೆ ಅರ್ಧಂಬರ್ಧ ಸ್ಪ್ಯಾನಿಷ್. ಬಂದ ಮೂರನೇ ದಿನವೇ ದ್ರಾಕ್ಷಿ ತೋಟದಲ್ಲಿ ಎಲೆ ಕೀಳಲು ಹೋದಳು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕತ್ತಲಿರುವಾಗಲೇ ಹೋಗಿ ಮಧ್ಯಾಹ್ನ ಬರುತ್ತಿದ್ದಳು. ಬಿಸಿಲಿಗೆ ಎದೆಹಾಲು ಬತ್ತಿತು. ಡಬ್ಬಿ ಹಾಲಿನ ಪುಡಿ ತಂದಳು. ಹೊಸ ಜಾಗ, ಯಾರ ಮುಖವೂ ಗೊತ್ತಿಲ್ಲ, ಕೇಳಿದರೆ ಕಾಗದಪತ್ರ ಕೇಳಿಬಿಟ್ಟಾರು ಎಂಬ ಭಯ. ಅವಳು ಫೋನನ್ನು ಕೇಳಿದಳು. ಮುದ್ರೆ ಇದ್ದ ಪುಟ ಎಲ್ಲಕ್ಕಿಂತ ಮೇಲೆ ಬಂತು. ಅನುಮಾನವಿದ್ದರೆ ಕುದಿಸಿ.

ಅವಳು ಕುದಿಸಿದಳು.

ಕೂಸಿನ ತುಟಿ ಬೂದಿಯ ಬಣ್ಣಕ್ಕೆ ತಿರುಗಿದಾಗ ಚಳಿಯೆಂದುಕೊಂಡು ಕಂಬಳಿ ಹೊದಿಸಿದಳು. ಉಗುರು ನೀಲಿಯಾದಾಗ ಇನ್ನೂ ಚೆನ್ನಾಗಿ ಕುದಿಸಿದಳು. ಮೂರನೇ ದಿನ ಕೂಸು ಅಳುವುದನ್ನೂ ಬಿಟ್ಟಿತು. ಆಗ ಹೊತ್ತುಕೊಂಡು ಓಡಿಬಂದು ಸಿಕ್ಕ ಮೊದಲ ಬಾಗಿಲು ತಟ್ಟಿದಳು. ಅದು ಎಲ್ವಿರಾಳ ಬಾಗಿಲು. ಎಲ್ವಿರಾಗೆ ನೋಡಿದ ಕೂಡಲೇ ತಿಳಿಯಿತು. ಜ್ಞಾನಸ್ನಾನವಿಲ್ಲದೆ ಕೂಸು ಹೋಗಬಾರದೆಂದು ಸಿಂಕಿನ ನೀರನ್ನೇ ಅದರ ನೆತ್ತಿಗೆ ಹನಿಸಿ, ತನ್ನ ಲಟಾರಿ ಗಾಡಿಯಲ್ಲಿ ಹಾಕಿಕೊಂಡು ಓಡಿಸಿದಳು. ಆಸ್ಪತ್ರೆ ನಲವತ್ತು ಮೈಲಿ. ಕೂಸು ಇಪ್ಪತ್ತೆಂಟನೇ ಮೈಲಿಯವರೆಗೆ ಉಸಿರಾಡುತ್ತಿತ್ತು.

ಮರುದಿನ ಎಲ್ವಿರಾ ತೆಯೋಫಿಲಾಳ ಅಡಿಗೆಮನೆಗೆ ಬಂದಳು. ಕೂರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟಳು.

“ಕೊಮಾದ್ರೆ, ನೀನು ಕಂಪ್ಯೂಟರ್ ಕೆಲಸದೋಳು. ಸ್ವಲ್ಪ ನೋಡು. ಆ ಹುಡುಗಿ ಹುಡುಕಿದ್ದಾಳೆ, ನನ್ನ ಪುಟ ಅವಳಿಗೆ ಸಿಕ್ಕೇ ಇಲ್ಲ. ನಾನೂ ಹುಡುಕಿದೆ. ಫಿಲ್ಟರ್ ಮಾರೋರು ಬರ್ತಾರೆ, ಈಜುಕೊಳದೋರು ಬರ್ತಾರೆ, ನನ್ನದು ಮಾತ್ರ ಇಲ್ಲ. ನಾನು ಏನೋ ತಪ್ಪು ಮಾಡಿದೀನಿ ಬರೆಯೋವಾಗ. ಓದಿಲ್ದೋಳು ನಾನು. ಎಲ್ಲಿ ತಪ್ಪಿದೆ ಹೇಳು, ತಿದ್ತೀನಿ.”

ತೆಯೋಫಿಲಾ ಫೋನನ್ನು ಕೈಗೆ ತೆಗೆದುಕೊಂಡು ನೋಡುವವಳಂತೆ ನಟಿಸಿದಳು. ಏನೂ ತಪ್ಪಿಲ್ಲ ಕೊಮಾದ್ರೆ ಎಂದಳು. ಎಲ್ವಿರಾ ನಂಬಲಿಲ್ಲ. ತಪ್ಪಿಲ್ಲದೆ ಹೀಗಾಗುತ್ತದೆಯೇ ಎಂದಳು. ಆಮೇಲೆ ತಾನು ಬಂದದ್ದಕ್ಕೆ ಇನ್ನೊಂದು ಕಾರಣ ಹೇಳಿದಳು. ಸಬಿನಾಗೆ ಇಲ್ಲಿ ಯಾರೂ ಇಲ್ಲ. ಕೂಸಿಗೆ ಧರ್ಮತಾಯಿಯಿಲ್ಲ. ಸತ್ತ ಕೂಸನ್ನು ದೇವದೂತನ ಹಾಗೆ ಸಿಂಗರಿಸಿ ಕಳಿಸುವುದು ಧರ್ಮತಾಯಿಯ ಪಾಲಿನ ಕೆಲಸ. ಬಿಳಿ ಬಟ್ಟೆ ಅವಳೇ ತರಬೇಕು, ಅವಳ ಕೈಯಿಂದಲೇ ತೊಡಿಸಬೇಕು. ನೀನು ನಿಲ್ಲು ಎಂದಳು.

ಆಗುವುದಿಲ್ಲ ಎನ್ನಲು ಬರುವುದಿಲ್ಲ. ನಮ್ಮಲ್ಲಿ ಯಾರೂ ಹಾಗೆ ಅಂದಿಲ್ಲ.

ಆ ರಾತ್ರಿ ಅವಳು ಮಗಳ ಹಳೆಯ ಲಂಗದ ಬಿಳಿ ಒಳಬಟ್ಟೆ ಬಿಚ್ಚಿ ಪುಟ್ಟ ಅಂಗಿ ಹೊಲಿದಳು. ಬೆಳ್ಳಿ ಕಾಗದದ ಕಿರೀಟ ಮಾಡಿದಳು. ಬೆಳಿಗ್ಗೆ ಒಂಬತ್ತಕ್ಕೆ ಕೊನೆಯ ಟ್ರೇಲರಿಗೆ ಹೋದಳು. ಹೆಂಗಸರು ಸೇರಿದ್ದರು. ಯಾರೋ ಕಾಫಿ, ಸಿಹಿ ಬ್ರೆಡ್ಡು ತಂದಿದ್ದರು. ಒಲೆಯ ಮೇಲೆ ನೀರು ಕುದಿಸಿದ ಪಾತ್ರೆ ಇನ್ನೂ ಹಾಗೆಯೇ ಇತ್ತು, ತಳದಲ್ಲಿ ಬಿಳಿ ಸುಣ್ಣ ಕಟ್ಟಿತ್ತು. ಕೂಸನ್ನು ಮೇಜಿನ ಮೇಲೆ ಮಲಗಿಸಿದ್ದರು. ಸಬಿನಾ ಪಕ್ಕದಲ್ಲಿ ನಿಂತಿದ್ದಳು. ಅವಳ ಬೆರಳೆಲ್ಲ ದ್ರಾಕ್ಷಿ ಎಲೆಯ ಕರೆಯಿಂದ ಕಪ್ಪಾಗಿತ್ತು. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು.

“ನಾನು ಕುದಿಸಿದ್ದೆ. ಎರಡೆರಡು ಸಲ ಕುದಿಸಿದ್ದೆ.”

ತೆಯೋಫಿಲಾ ಕೂಸಿನ ಕೈ ಎತ್ತಿ ಅಂಗಿಯ ತೋಳಿಗೆ ತೂರಿಸಲು ಹೋದಳು. ಕೈ ಮಡಚಲಿಲ್ಲ. ಉಗುರುಗಳು ಇನ್ನೂ ನೀಲಿ. ಸಾವಿರಾರು ಕಿತ್ತಳೆ ಕಿತ್ತ ಅವಳ ಕೈ ಒಂದು ತೋಳು ಹಾಕಲಾರದೆ ಹೋಯಿತು. ಅಂಗಿಯನ್ನು ಕೂಸಿನ ಎದೆಯ ಮೇಲಿಟ್ಟು ಹಿಂದೆ ಸರಿದಳು.

“ನಾನು ತೊಡಿಸಲಾರೆ. ನಂಗೆ ಯೋಗ್ಯತೆ ಇಲ್ಲ,” ಎಂದಳು. “ಕೊಮಾದ್ರೆ, ನಿನ್ನ ಪುಟದಲ್ಲಿ ತಪ್ಪಿರ್ಲಿಲ್ಲ. ಅದನ್ನ ಕೆಳಗೆ ಹಾಕಿದ್ದು ನಾನು.”

ಯಾರಿಗೂ ಅರ್ಥವಾಗಲಿಲ್ಲ. ಅವಳು ಮೊದಲಿನಿಂದ ಹೇಳಿದಳು. ಗುಂಡಿ, ಅಂಕ, ಐವರು, ಅಂದಾಜು. ಸ್ಪ್ಯಾನಿಷಿನಲ್ಲಿ ಒಂದು ಸಲ ಹೇಳಿದಳು. ಸಬಿನಾಗೆ ಬೆಟ್ಟದ ಮಾತಿನಲ್ಲಿ ಇನ್ನೊಂದು ಸಲ ಹೇಳಿದಳು. ಗುಂಡಿ ಎಂಬುದಕ್ಕೆ ಆ ಮಾತಿನಲ್ಲಿ ಪದವಿಲ್ಲ. ಬೆರಳನ್ನು ಮೇಜಿನ ಮೇಲೆ ಒತ್ತಿ ತೋರಿಸಿದಳು. ಎಲ್ವಿರಾ ಗೋಡೆ ಹಿಡಿದು ಕೂತಳು. ನಾನೇ ತಪ್ಪು ಬರೆದೆ ಅಂದುಕೊಂಡಿದ್ದೆನಲ್ಲೇ ಎಂದಷ್ಟೇ ಅಂದಳು.

ಸಬಿನಾ ತೆಯೋಫಿಲಾಳ ಬೆರಳನ್ನು ನೋಡಿದಳು. ಆಮೇಲೆ ಕೇಳಿದಳು:

“ನಿಮ್ಮನೇಲಿ ಯಾವ ನೀರು ಕುಡಿಯೋದು?”

“ಕ್ಯಾನಿನ ನೀರು.”

“ಗೊತ್ತಿತ್ತು ಹಾಗಾದ್ರೆ.”

“ಗೊತ್ತಿತ್ತು.”

ಸಬಿನಾ ಅಂಗಿಯನ್ನು ಕೈಗೆತ್ತಿಕೊಂಡಳು. ಹರಿದುಹಾಕುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಹರಿಯಲಿಲ್ಲ. ಕೂಸಿಗೆ ಬೇರೆ ಬಿಳಿ ಬಟ್ಟೆಯಿರಲಿಲ್ಲ. ಅವಳೇ ತೊಡಿಸಿದಳು. ಕಿರೀಟವನ್ನು ಮಾತ್ರ ತೆಯೋಫಿಲಾಳ ಕೈಗೆ ವಾಪಸ್ಸು ಕೊಟ್ಟಳು.

ಆಗ ಬಾಗಿಲ ಹತ್ತಿರ ನಿಂತಿದ್ದ ಮಾರ್ಸಿಯಾನಾ ಕಾಫಿ ಲೋಟ ಕೆಳಗಿಟ್ಟಳು. ಅವಳು ಮನೆಯಲ್ಲೇ ಕೂತು ಫೋನಿನಲ್ಲಿ ಪೌಡರು, ಕ್ರೀಮು ಮಾರುತ್ತಾಳೆ ಎಂದೇ ಊರೆಲ್ಲ ತಿಳಿದಿತ್ತು. ಅವಳು ಹೇಳಿದಳು, “ನಾನೂ ಅದನ್ನೇ ಒತ್ತಿದೆ. ಏಪ್ರಿಲ್‌ನಲ್ಲಿ. ಬಾಕಿ ನಾಲ್ಕು ಜನ ಒತ್ತುತ್ತಾರೆ ಅಂತ ಒತ್ತಿದೆ.” ಅವಳ ಮಾತು ಮುಗಿಯುವ ಮೊದಲೇ ಕಾಲೇಜಿಗೆ ಹೋಗುವ ಯೆಸೆನಿಯಾ ಮುಖ ಮುಚ್ಚಿಕೊಂಡಳು. ಅವಳೂ ಸಹಿ ಹಾಕಿದವಳೇ, ಅವಳೂ ಒತ್ತಿದವಳೇ.

ತೆಯೋಫಿಲಾ ಇಬ್ಬರ ಮುಖವನ್ನೂ ನೋಡಿದಳು. ಗಾಜಿನ ಕಟ್ಟಡವಿರಲಿಲ್ಲ. ಕಾಫಿ ಹಿಡಿದ ದೊಡ್ಡ ಊರಿನವರಿರಲಿಲ್ಲ. ಸ್ಥಳೀಯ ಪ್ರಶ್ನೆ ಎಂದರೆ ಸ್ಥಳದವರಿಗೇ ಕಳಿಸುವ ಪ್ರಶ್ನೆ. ನೀರಿನ ವಿಷಯ ನಿಮಗೇ ಚೆನ್ನಾಗಿ ಗೊತ್ತು ಎಂದು ಕಂಪನಿ ಅವರನ್ನೇ ಆರಿಸಿತ್ತು. ಪಕ್ಕಪಕ್ಕದ ಮನೆಯಲ್ಲಿ ಕೂತು, ಕ್ಯಾನಿನ ನೀರು ಕುಡಿಯುತ್ತ, ಒಬ್ಬರಿಗೊಬ್ಬರು ಹೆದರಿ ಸುಳ್ಳು ಒತ್ತಿದ್ದರು. ಉಳಿದ ಇಬ್ಬರು ಯಾರು? ಆ ಕೋಣೆಯಲ್ಲೇ ಇದ್ದರೋ, ಬೀದಿಯ ಆಚೆ ಇದ್ದರೋ. ಯಾರೂ ಬಾಯಿ ಬಿಡಲಿಲ್ಲ.

ಸಾವಿನ ಸುದ್ದಿ ಹರಡಿತು. ಸುತ್ತಲಿನ ತಾಯಂದಿರೆಲ್ಲ ಹುಡುಕತೊಡಗಿದರು. ಹುಡುಕಾಟ ಹೆಚ್ಚಾದರೆ ಕಂಪನಿ ಅದೇ ಪ್ರಶ್ನೆಯನ್ನು ಮತ್ತೆ ಕಳಿಸುತ್ತದೆ. ಹನ್ನೊಂದನೇ ದಿನ ಅದು ಬಂತು. ಅದೇ ಮುದ್ರೆ, ಅದೇ ನಲ್ಲಿ, ಅದೇ ಹುಂಜದ ಬಟ್ಟೆ. ತೆಯೋಫಿಲಾ ಮುದ್ರೆಯ ಪುಟಕ್ಕೆ ತಳದ ಗುಂಡಿ ಒತ್ತಿದಳು. ಎಲ್ವಿರಾಳ ಪುಟಕ್ಕೆ ಎಲ್ಲಕ್ಕಿಂತ ಮೇಲಿನದು ಒತ್ತಿದಳು. ಕಾರಣ ಎಂಬಲ್ಲಿ ಬರೆದಳು: ‘ಈ ನೀರು ಕುಡಿದು ಕೂಸು ಸತ್ತಿದೆ. ಪುಟದಲ್ಲಿರುವುದು ನಿಜ.’ ಮಾರ್ಸಿಯಾನಾ ಹಾಗೆಯೇ ಒತ್ತಿದಳು. ಯೆಸೆನಿಯಾ ಹಾಗೆಯೇ ಒತ್ತಿದಳು. ಐವರಲ್ಲಿ ಮೂವರು. ಸಾಕು ಎಂದುಕೊಂಡರು.

ಸಂಜೆ ಹಸಿರು ಗುರುತು ಬಂತು. ಐದಕ್ಕೆ ಐದು.

ಉಳಿದ ಆ ಇಬ್ಬರೂ ಹಾಗೆಯೇ ಒತ್ತಿದ್ದರು. ಯಾರೆಂದು ಇವತ್ತಿಗೂ ತಿಳಿದಿಲ್ಲ. ತೆಯೋಫಿಲಾ ಪರದೆಯ ಮೇಲೆ ಕೈಯಿಟ್ಟು ಅತ್ತಳು. ಎಲ್ವಿರಾಳ ಮನೆಗೆ ಓಡಿಹೋಗಿ ಹೇಳಿದಳು. ಇಬ್ಬರೂ ಫೋನು ಹಿಡಿದು ಮತ್ತೆ ಮತ್ತೆ ಹುಡುಕಿದರು. ಬರುತ್ತದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದು ತೆಯೋಫಿಲಾ ಹೇಳಿದಳು. ಎರಡು ದಿನ ಕಾದರು.

ಮೂರನೇ ದಿನ ಕಂಪನಿಯ ಪತ್ರ ಬಂತು. ‘ಸ್ಥಳೀಯ ಪ್ರಶ್ನೆಯೊಂದಕ್ಕೆ ಬಂದ ಉತ್ತರಗಳಲ್ಲಿ ಅಸಹಜವಾದ ಹೊಂದಾಣಿಕೆ ಕಂಡುಬಂದಿದೆ. ಇದು ಒಳಸಂಚೆಂದು ಪರಿಗಣಿಸಿ ಆ ಉತ್ತರಗಳನ್ನು ರದ್ದುಪಡಿಸಲಾಗಿದೆ. ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ. ಹೀಗೆ ಉತ್ತರಿಸಲು ನಿಮಗೆ ಹೇಳಿದವರು ಯಾರೆಂದು ತಿಳಿಸಿದಲ್ಲಿ ಖಾತೆಯನ್ನು ಮರುಪರಿಶೀಲಿಸಲಾಗುವುದು.’ ಕೆಳಗೆ ಬರೆಯಲು ಒಂದು ಖಾಲಿ ಚೌಕ.

ಏಪ್ರಿಲ್‌ನಲ್ಲಿಯೂ ಐದಕ್ಕೆ ಐದೇ ಬಂದಿತ್ತು. ಆಗ ಯಾರಿಗೂ ಅದು ಅಸಹಜ ಎನಿಸಿರಲಿಲ್ಲ. ಸುಳ್ಳಿಗೆ ಐವರು ಸೇರಿದರೆ ಅಂಕ ಕೊಡುತ್ತಾರೆ, ನಿಜಕ್ಕೆ ಐವರು ಸೇರಿದರೆ ಸಂಚು ಎನ್ನುತ್ತಾರೆ. ಇವರ ಮನೆ ಹಾಳಾಗ.

ಕ್ರಿಸಾಂತೊ ಮಧ್ಯಾಹ್ನ ತೋಟದಿಂದ ಬಂದು ಪತ್ರ ಓದಿಸಿಕೊಂಡ. ಕೆಟ್ಟವನಲ್ಲ ಅವನು. ಅವನ ಮೊಣಕಾಲು ಊದಿಕೊಂಡಿತ್ತು. ಬೂಟು ಬಿಚ್ಚಲಾಗದೆ ಹಾಗೆಯೇ ಕೂತಿದ್ದ.

“ಆ ಹುಡುಗಿ ಹೆಸರು ಬರಿ,” ಎಂದ. “ಸಬಿನಾ ಹೇಳಿಕೊಟ್ಳು ಅಂತ ಬರಿ. ಅವಳು ಹೇಗೂ ಊರು ಬಿಟ್ಟು ಹೋದ್ಲು. ಯಾವೂರಿಗೆ ಅಂತಾನೂ ಗೊತ್ತಿಲ್ಲ. ಅವಳನ್ನ ಯಾರು ಏನು ಮಾಡ್ತಾರೆ?”

“ಆವತ್ತು ಮನೇಲಿ ಬಿದ್ದೆ ಅಂತ ಹೇಳ್ದೆ,” ತೆಯೋಫಿಲಾ ಹೇಳಿದಳು. “ನಿನ್ನ ಕೆಲಸ ಉಳೀಲಿ ಅಂತ ಹೇಳ್ದೆ. ಏಪ್ರಿಲ್‌ನಲ್ಲಿ ಬರೆದವರು ಯಾರೋ ಗೊತ್ತಿಲ್ಲ ಅಂದೆ. ನನ್ನ ಕೈಲಿ ಇನ್ನೂ ಎಷ್ಟು ಸಲ ಸುಳ್ಳು ಹೇಳಿಸ್ತೀರಿ?”

“ಬೆನ್ನು ಮುರ್ಕೊಂಡು ಮತ್ತೆ ತೋಟಕ್ಕೆ ಹೋಗ್ತೀಯಾ?”

ಅವಳು ಖಾಲಿ ಚೌಕದೊಳಗೆ ಬರೆದಳು. ‘ನನಗೆ ಹೇಳಿದವಳ ಹೆಸರು ಮರಿಬೆಲ್. ವಯಸ್ಸು ಎರಡು ತಿಂಗಳು. ಅವಳ ಬಟ್ಟೆ ಹೊಲಿದವಳು ನಾನು. ಪುಟ ಬರೆದವರು ಯಾರೆಂದು ಕಳೆದ ಸಲ ತಿಳಿದಿಲ್ಲ ಎಂದು ಬರೆದಿದ್ದೆ. ತಿಳಿದಿತ್ತು. ಅವಳು ಎಲ್ವಿರಾ, ನನ್ನ ಕೊಮಾದ್ರೆ. ಆ ನೀರಿನ ಬಗ್ಗೆ ಮಾತಾಡಲು ಅವಳಷ್ಟು ಅರ್ಹತೆ ನಿಮ್ಮ ಮುದ್ರೆಯವರಲ್ಲಿ ಒಬ್ಬರಿಗೂ ಇಲ್ಲ.’ ಕಳಿಸುವ ಗುಂಡಿ ಒತ್ತಿದಳು. ಆ ಕಂಪನಿಗಾಗಿ ಅವಳು ಒತ್ತಿದ ಕೊನೆಯ ಗುಂಡಿ ಅದು. ಖಾತೆ ಮುಚ್ಚಿತು. ಮಾರ್ಸಿಯಾನಾಳದೂ ಮುಚ್ಚಿತು, ಯೆಸೆನಿಯಾಳದೂ ಮುಚ್ಚಿತು. ಬೇರೆ ಯಾವುದೋ ಊರಿನ ಐವರಿಗೆ ಪ್ರಶ್ನೆ ಹೋಗಿರಬೇಕು. ಮುದ್ರೆಯ ಪುಟ ಮೇಲೆಯೇ ಉಳಿಯಿತು. ಎಲ್ವಿರಾಳ ಪುಟ ಎಲ್ಲಿದೆಯೆಂದು ಹುಡುಕಿದವರಿಗೂ ಸಿಗಲಿಲ್ಲ.

ಜೂನ್ ಮೊದಲ ವಾರ ತೆಯೋಫಿಲಾ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ದ್ರಾಕ್ಷಿ ತೋಟಕ್ಕೆ ಹೋದಳು. ದ್ರಾಕ್ಷಿಗೆ ಏಣಿ ಬೇಕಿಲ್ಲ, ಮಂಡಿಯೂರಿ ಬಳ್ಳಿಯ ಬುಡದ ಎಲೆ ಕೀಳಬೇಕು. ಅದೇ ಮೇಸ್ತ್ರಿ. ಓಹೋ ಗಿಡ್ಡಿ, ಕಂಪ್ಯೂಟರಮ್ಮ ವಾಪಸ್ಸು ಬಂದ್ಲಾ ಎಂದ. ಮೊದಲ ಸಾಲು ಮುಗಿಯುವಷ್ಟರಲ್ಲಿ ಅವಳ ಎಡಗಾಲು ಮರಗಟ್ಟಿತು. ಬಳ್ಳಿಗೆ ಎರಚಿದ ಗಂಧಕದ ಪುಡಿ ಕಣ್ಣಿಗೆ ಹೊಕ್ಕು ನೀರು ಇಳಿಯುತ್ತಿತ್ತು. ಎದ್ದು ನಿಂತರೆ ಮತ್ತೆ ಕೂರಲಾಗದು ಎಂದು ಮಂಡಿಯ ಮೇಲೆಯೇ ತೆವಳಿ ಮುಂದಿನ ಬಳ್ಳಿಗೆ ಹೋದಳು. ಎಷ್ಟು ದಿನ ಹೀಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬಹಳ ದಿನ ಆಗುವುದಿಲ್ಲ ಎಂಬುದು ಗೊತ್ತಿತ್ತು.

ಊಟದ ಹೊತ್ತಿಗೆ ಬಳ್ಳಿಯ ನೆರಳಿನಲ್ಲಿ ಎಲ್ಲರೂ ರೊಟ್ಟಿ ಬಿಚ್ಚಿದರು. ಪಕ್ಕದಲ್ಲಿ ಹೊಸದಾಗಿ ಬಂದ ಒಬ್ಬಳು ಹುಡುಗಿ. ಬೆಟ್ಟದ ಕಡೆಯವಳೇ. ಏಳು ತಿಂಗಳ ಬಸುರಿ. ಕಿತ್ತಳೆ ತೋಟದ ಅಂಚಿನ ಕೊನೆಯ ಟ್ರೇಲರು ಖಾಲಿಯಿದೆಯಂತೆ, ನಾಳೆ ಅಲ್ಲಿಗೆ ಹೋಗುತ್ತೇನೆ ಎಂದಳು. ಅಲ್ಲಿ ನೀರು ಹೇಗೋ ಏನೋ ಎನ್ನುತ್ತ ಫೋನು ತೆಗೆದು ಒಂದೊಂದೇ ಅಕ್ಷರ ಒತ್ತತೊಡಗಿದಳು.

ತೆಯೋಫಿಲಾ ಮಂಡಿಯ ಮೇಲೆ ಸರಿದು ಹೋಗಿ ಕರೆ ಹಿಡಿದ ತನ್ನ ಅಂಗೈಯನ್ನು ಆ ಫೋನಿನ ಮೇಲೆ ಮುಚ್ಚಿದಳು.

“ಅದನ್ನ ಕೇಳ್ಬೇಡ,” ಎಂದಳು. “ನನ್ನನ್ನ ಕೇಳು. ಅದಕ್ಕೆ ಸುಳ್ಳು ಹೇಳೋದನ್ನ ಕಲಿಸಿದೋಳು ನಾನೇ.”